ಕೊನೆಗೆ ಬಿಡುವ ತಂತಿ

೨೦೨೫ರ ಅಕ್ಟೋಬರ್ ೯, ಗುರುವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಗಜೇಂದ್ರಗಡ ಠಾಣೆಯ ಮೇಜಿನ ಮೇಲೆ ಹಳೆಯ ಪೇಪರು ಹಾಸಿ, ಅದರ ಮೇಲೆ ಒಂದು ಡ್ರಿಲ್ ಮಷಿನ್ ಇಟ್ಟುಕೊಂಡು ಕೂತಿದ್ದ ಪಿಎಸ್‌ಐ ಕವಿತಾ, ಅದರ ಪ್ಲಗ್ಗಿನ ಸ್ಕ್ರೂಗೆ ಸ್ಕ್ರೂಡ್ರೈವರ್ ಹಚ್ಚಿ ಮತ್ತೆ ಕೈ ಹಿಂದಕ್ಕೆ ತೆಗೆದಳು.

ಎದುರಿಗೆ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ಮಾಳಪ್ಪನಿಗೆ ಸುಮ್ಮನಿರಲಾಗಲಿಲ್ಲ.

"ತುಕ್ಕ ಹಿಡದೈತೇನ್ರಿ ಮೇಡಮ್ಮಾರ? ನಾ ತಿರವಲ್ಯಾ?"

"ತುಕ್ಕೇನೂ ಇಲ್ಲ. ಸ್ವಲ್ಪ ತಡೀರಿ."

ಒಂದು ವಾರದ ಹಿಂದೆ, ದಸರೆಯ ಮುಂಜಾನೆ, ಇದೇ ಡ್ರಿಲ್ಲನ್ನು ಹಿಡಿದುಕೊಂಡೇ ದ್ಯಾಮೇಶ ತನ್ನ ಶೆಡ್ಡಿನಲ್ಲಿ ಕರೆಂಟು ಹೊಡೆದು ಸತ್ತಿದ್ದ. ಗೇಟು, ಕಿಟಕಿ, ಗ್ರಿಲ್ಲು ಮಾಡುವ ಶೆಡ್ಡು ಅದು. ಅವತ್ತು ಠಾಣೆಯವರು ಕರೆದೊಯ್ದಿದ್ದ ವೈರಿಂಗಿನವನು ಮಷಿನ್ನನ್ನು ಮೇಲೆ ಕೆಳಗೆ ನೋಡಿ ತೀರ್ಪು ಕೊಟ್ಟುಬಿಟ್ಟಿದ್ದ. ದಸರೆಯ ಹಿಂದಿನ ದಿನ ಹತ್ಯಾರಗಳಿಗೆ ಮಾಡುವ ಖಂಡೇ ಪೂಜೆಗೆಂದು ಡ್ರಿಲ್ಲನ್ನು ನೀರು ಹಾಕಿ ತೊಳೆದಿದ್ದಾನೆ, ಒಳಗೆ ನೀರು ಹೊಕ್ಕಿದೆ, ಮರುದಿನ ಹಾಗೇ ಚಾಲೂ ಮಾಡಿದ್ದಾನೆ. ಸ್ವಂತ ಅಲಕ್ಷ್ಯ.

ಗಜೇಂದ್ರಗಡದ ಸಾಹೇಬರು ರಜೆಯಲ್ಲಿದ್ದುದರಿಂದ ಕವಿತಾ ನರಗುಂದ ಠಾಣೆಯಿಂದ ಇಲ್ಲಿಗೆ ತಾತ್ಕಾಲಿಕವಾಗಿ ಬಂದಿದ್ದಳು. ನಾಳೆ ಅವರು ಬರುತ್ತಾರೆ, ಇವಳು ಹೊರಡಬೇಕು. ಇಂದು ಸಂಜೆಯೊಳಗೆ ಈ ಫೈಲು ಮುಗಿಸಿ ಕಳಿಸುವಂತೆ ರೋಣದಿಂದ ಮೇಲಿನವರ ಫೋನೂ ಬಂದಾಗಿತ್ತು. ಅಲಕ್ಷ್ಯ ಎಂದು ಬರೆದು ಸಹಿ ಹಾಕಿದರೆ ಎಲ್ಲರಿಗೂ ಸಮಾಧಾನ.

ಈ ಪ್ಲಗ್ಗಿನೊಳಗೆ ಒಂದು ಹಸಿರು ವೈರ್ ಇರುತ್ತದೆ. ಅದು ಸಡಿಲವಾಗಿದ್ದರೆ ದ್ಯಾಮೇಶ ನಿಜಕ್ಕೂ ಅಲಕ್ಷ್ಯದಿಂದಲೇ ಸತ್ತ ಎಂದಾಗುತ್ತದೆ. ಹಾಗಾದರೆ ಫೈಲಿನ ಜೊತೆಗೆ ಕವಿತಾ ಹದಿನೈದು ವರ್ಷ ಎದೆಯೊಳಗೆ ಇಟ್ಟುಕೊಂಡ ಒಬ್ಬ ಮನುಷ್ಯನೂ ಮುಗಿದುಹೋಗುತ್ತಿದ್ದ. ಅವಳ ಕೈ ಹಿಂದಕ್ಕೆ ಬರುತ್ತಿದ್ದುದು ಅದಕ್ಕೆ.

ಕಾಲೇಜಿನ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಇಬ್ಬರದೂ ಒಂದೇ ಮೇಜು. ಅವನು ರಾಜೂರಿನ ಕಡೆಯಿಂದ ಬಸ್ಸಿಗೆ ಬರುತ್ತಿದ್ದ, ಇವಳು ಊರೊಳಗಿನ ಮಗ್ಗದ ಓಣಿಯಿಂದ ನಡೆದು ಬರುತ್ತಿದ್ದಳು. ಬಿಎಸ್ಸಿ ಕೊನೆಯ ವರ್ಷ ಮೂರು ಪಿನ್ನಿನ ಪ್ಲಗ್ ಕಟ್ಟುವ ಪಾಠ ಬಂತು. ದ್ಯಾಮೇಶ ಮೂರೂ ವೈರುಗಳನ್ನು ಅಳೆದು, ಸಮನಾಗಿ ಕತ್ತರಿಸಿ, ನೋಡು ಎಂಬಂತೆ ಮುಂದಿಟ್ಟ. ಕವಿತಾ ಪ್ಲಗ್ಗನ್ನು ಅವನ ಕಡೆಗೇ ದೂಡಿದಳು.

"ಹಸಿರು ವೈರ್ ಉದ್ದ ಬಿಡಬೇಕೋ."

"ಯಾಕ?"

"ಯಾರರ ಜಗ್ಗಿದ್ರ ಉಳಿದೆರಡು ಮೊದಲ ಕಿತ್ತು ಬರಬೇಕು. ಜೀವ ಕಾಯೂದು ಅದ. ಕೊನಿಗೆ ಬಿಡೂದೂ ಅದ ಆಗಬೇಕು."

ಮಷಿನ್ನಿನ ಲೋಹದ ಮೈಗೆ ಎಂದಾದರೂ ಕರೆಂಟು ತಗುಲಿದರೆ, ಅದನ್ನು ಹಿಡಿದವನ ಮೈಗೆ ಬಿಡದೆ ನೆಲಕ್ಕೆ ಒಯ್ಯುವ ದಾರಿ ಆ ಹಸಿರು ವೈರು. ದ್ಯಾಮೇಶ ಒಂದು ಗಳಿಗೆ ಪ್ಲಗ್ಗನ್ನು ನೋಡಿದ, ಒಂದು ಗಳಿಗೆ ಅವಳನ್ನು ನೋಡಿದ. ಆಮೇಲೆ ಬೇರೆ ವೈರು ತಗೊಂಡು ಮೊದಲಿನಿಂದ ಕಟ್ಟಿದ.

ಅದಕ್ಕೆ ಬದಲಾಗಿ ಅವನೂ ಒಂದು ಮಾತು ಕಲಿಸಿದ್ದ. ಡ್ರಿಲ್ಲಿನ ಬಾಯಿಗೆ ಕೊರೆಯುವ ಬಿಟ್ ಬಿಗಿಯುವ ಕೀಲಿ ಪ್ರಯೋಗಶಾಲೆಯಲ್ಲಿ ಯಾವಾಗಲೂ ಕಳೆದುಹೋಗುತ್ತಿತ್ತು. ದ್ಯಾಮೇಶ ಅದನ್ನು ಡ್ರಿಲ್ಲಿನ ಹತ್ತಿರ ಕಟ್ಟದೆ ವೈರಿನ ಇನ್ನೊಂದು ತುದಿಗೆ, ಪ್ಲಗ್ಗಿನ ಪಕ್ಕದಲ್ಲೇ ಕಟ್ಟಿದ. ಬಿಟ್ ಬದಲಿಸಬೇಕೆಂದರೆ ಕೀಲಿ ಬೇಕು, ಕೀಲಿ ಬೇಕೆಂದರೆ ಪ್ಲಗ್ ಕೀಳಲೇಬೇಕು. ಮರೆತೇನೆಂದರೂ ಮರೆಯುವಂತಿಲ್ಲ. ಕಟ್ಟಲು ಅವನಿಗೆ ದಾರ ಸಿಗದೇ ಇದ್ದಾಗ ಕವಿತಾ ತನ್ನ ಚೀಲಕ್ಕೆ ಅಂಟಿಕೊಂಡಿದ್ದ, ಅಪ್ಪನ ಮಗ್ಗದ ಕೆಂಪು ನೂಲು ಕೊಟ್ಟಿದ್ದಳು.

ಅದೇ ವರ್ಷ ದ್ಯಾಮೇಶನ ಅಪ್ಪ ಕನ್ನಡಕ ಹಾಕದೆ ಕಬ್ಬಿಣಕ್ಕೆ ತೂತು ಕೊರೆಯುತ್ತಿದ್ದಾಗ ಚೂರು ಸಿಡಿದು ಒಂದು ಕಣ್ಣು ಹೋಯಿತು. ದ್ಯಾಮೇಶ ಪರೀಕ್ಷೆಗೆ ಬರಲಿಲ್ಲ. ಅಪ್ಪನ ಡ್ರಿಲ್ಲು ಅವನ ಕೈಗೆ ಬಂತು. ಕವಿತಾ ಆ ಪರೀಕ್ಷೆಯ ದಿನ ಬಸ್‌ಸ್ಟ್ಯಾಂಡಿನ ಕಲ್ಲುಕಟ್ಟೆಯ ಮೇಲೆ ಸಂಜೆಯ ತನಕ ಕೂತಿದ್ದು ಎದ್ದುಹೋದಳು. ಹೇಳಬೇಕೆಂದಿದ್ದ ಮಾತು ಹಾಗೇ ಉಳಿಯಿತು.

ಆಮೇಲೆ ರಜೆಗೆ ಊರಿಗೆ ಬಂದಾಗೆಲ್ಲ ಆ ಶೆಡ್ಡಿನ ಮುಂದೆ ಅವಳ ನಡಿಗೆ ನಿಧಾನವಾಗುತ್ತಿತ್ತು. ಡ್ರಿಲ್ಲಿನ ಸದ್ದಿನಿಂದಲೇ ಕೈ ಯಾರದೆಂದು ಹೇಳಬಲ್ಲವಳಾಗಿದ್ದಳು. ಬೇರೆಯವರು ಮೈಭಾರ ಹಾಕಿ ಒತ್ತುತ್ತಾರೆ, ಮಷಿನ್ ನರಳುತ್ತದೆ. ದ್ಯಾಮೇಶ ಒತ್ತುತ್ತಿರಲಿಲ್ಲ. ಬಿಟ್ ತಾನಾಗಿ ಕಬ್ಬಿಣ ತಿನ್ನಲು ಬಿಡುತ್ತಿದ್ದ. ತೂತು ಆಚೆ ಬೀಳುವ ಹೊತ್ತಿಗೆ ಕೈ ಇನ್ನೂ ಹಗುರ ಮಾಡುತ್ತಿದ್ದ. ಆ ಕೊನೆಯ ಹಗುರ ಸದ್ದಿಗಾಗಿ ಅವಳು ಚಪ್ಪಲಿಯ ಉಂಗುಟ ಸರಿಮಾಡುವ ನೆಪದಲ್ಲಿ ನಿಲ್ಲುತ್ತಿದ್ದಳು. ಒಳಗೆ ಮಾತ್ರ ಒಂದು ಸಲವೂ ಹೋಗಲಿಲ್ಲ.

ಈಗ ಅದೇ ಡ್ರಿಲ್ಲು ಮುಂದಿತ್ತು. ಅವನ ಅಪ್ಪನ ಕಾಲದ್ದು, ಅಲ್ಯೂಮಿನಿಯಂ ಮೈಯದು. ಹಿಡಿಕೆ ಅಂಗೈಯ ಆಕಾರಕ್ಕೆ ಸವೆದು ಮಿರುಗುತ್ತಿತ್ತು. ಪ್ಲಗ್ಗಿನ ಪಕ್ಕದಲ್ಲಿ ಕೀಲಿ ತೂಗುತ್ತಿತ್ತು. ದಾರ ಕೆಂಪು, ಮತ್ತು ಹೊಸದು.

ಕವಿತಾ ಸ್ಕ್ರೂ ತಿರುಗಿಸಿದಳು. ಪ್ಲಗ್ಗಿನ ಮುಚ್ಚಳ ಎದ್ದು ಬಂತು.

ಹಸಿರು ವೈರು ಉಳಿದೆರಡಕ್ಕಿಂತ ಬೆರಳಗಲ ಉದ್ದವಾಗಿ, ಒಂದು ಚಿಕ್ಕ ಬಳುಕು ಬಳುಕಿ, ತನ್ನ ಪಿನ್ನಿಗೆ ಗಟ್ಟಿಯಾಗಿ ಅಂಟಿಕೊಂಡಿತ್ತು. ಎಳೆದು ನೋಡಿದಳು. ಅಲುಗಲಿಲ್ಲ.

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಮಾಳಪ್ಪ ಒಳ್ಳೆಯ ಮನುಷ್ಯ. ಚಹಾ ತರುತ್ತೇನೆಂದು ಹೊರಗೆ ಹೋದ, ಚಹಾ ಇಲ್ಲದೆ ವಾಪಸು ಬಂದ.

ಆಮೇಲೆ ಕೆಲಸ ಚುರುಕಾಯಿತು. ಕವಿತಾ ಡ್ರಿಲ್ಲಿನ ಮೈ ಬಿಚ್ಚಿದಳು. ಒಳಗೆ ನೀರಿನ ಕಲೆಯಿಲ್ಲ, ತುಕ್ಕಿಲ್ಲ. ಗಾಳಿಕಿಂಡಿಗಳಲ್ಲಿ ಧೂಳೂ ಇಲ್ಲ. ಪೂಜೆಗೆ ಮುಂಚೆ ಬಿಚ್ಚಿ ಒರೆಸಿ, ಸವೆದ ಕಾರ್ಬನ್ ಬ್ರಷ್ ತೆಗೆದು ಹೊಸದು ಕೂರಿಸಿದ್ದು ಕಾಣುತ್ತಿತ್ತು. ಕುಂಕುಮ ಹಿಡಿಕೆಯ ಮೇಲೆ ಮಾತ್ರ, ಒಣ ಬೊಟ್ಟು. ನೀರು ಬಿದ್ದಿದ್ದರೆ ಅದು ಹರಿದಿರಬೇಕಿತ್ತು. ಕರೆಂಟಿನ ಎರಡು ಪಿನ್ನುಗಳಿಗೂ ಮೈಗೂ ನಡುವೆ ಮೀಟರ್ ಇಟ್ಟಳು. ಎಲ್ಲಿಯೂ ಸೋರಿಕೆಯಿಲ್ಲ. ಹಸಿರು ವೈರಿನ ಪಿನ್ನಿನಿಂದ ಮೈಗೆ ಇಟ್ಟಳು. ದಾರಿ ನೇರ, ತಡೆಯೇ ಇಲ್ಲ.

"ಮಾಳಪ್ಪ, ಅವತ್ತು ಫ್ಯೂಸ್ ಕಿತ್ತಾವ್ರು ಯಾರು?"

"ನಾನ ರೀ. ನಾವು ಹೋದಾಗ ಡ್ರಿಲ್ ಇನ್ನೂ ಗರಾ ಗರಾ ತಿರುಗಾಕತ್ತಿತ್ತು. ಹೊರಗಿನ ಡಬ್ಬಿಯೊಳಗಿಂದ ಫ್ಯೂಸ್ ಜಗ್ಗಿದ್ಮ್ಯಾಲನ ಅಂವನ ಮುಟ್ಟಿದಿವಿ."

"ಫ್ಯೂಸಿನ ತಂತಿ ಸುಟ್ಟಿತ್ತೇನು?"

ಮಾಳಪ್ಪ ತಲೆ ಕೆರೆದುಕೊಂಡ. "ಇಲ್ರಿ. ಹೊಸಾದು ಇದ್ದಂಗ ಇತ್ತು."

ಕವಿತಾ ಮೀಟರನ್ನು ಚೀಲಕ್ಕೆ ಹಾಕಿದಳು. ಡ್ರಿಲ್ಲಿನೊಳಗೆ ತಪ್ಪಿದ್ದರೆ ಕರೆಂಟು ಹಸಿರು ವೈರಿನ ಗುಂಟ ನೆಲಕ್ಕೆ ನುಗ್ಗಿ ಫ್ಯೂಸು ಹಾರಿಹೋಗಬೇಕಿತ್ತು. ಹಾರಿಲ್ಲ. ಡ್ರಿಲ್ಲು ನಿರ್ದೋಷಿ. ಹಾಗಾದರೆ ಸಾವು ಬೇರೆ ಕಡೆಯಿಂದ ಬಂದಿದೆ.

*

ಮೊಹರು ಹಾಕಿದ ಶೆಡ್ಡನ್ನು ತೆರೆಯಿರಿ ಎಂದು ವಾರದುದ್ದಕ್ಕೂ ಇಬ್ಬರು ಠಾಣೆಗೆ ಬಂದು ಕೇಳಿದ್ದರು. ಒಬ್ಬ ಗುರುಸಂಗಪ್ಪ, ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿಯ ಸಾಹುಕಾರ, ಶೆಡ್ಡಿನ ಮಾಲಕ ಮತ್ತು ದ್ಯಾಮೇಶನ ಪಾಲುದಾರ. ಮಷಿನ್ನುಗಳಿಗೆ ತುಕ್ಕು ಹಿಡಿಯುತ್ತದೆ ಎಂಬುದು ಅವನ ಚಿಂತೆ. ಇನ್ನೊಬ್ಬಳು ದ್ಯಾಮೇಶನ ಹೆಂಡತಿ ಅನಿತಾ. ಗಂಡ ಬಿದ್ದ ಜಾಗದಲ್ಲಿ ದೀಪ ಹಚ್ಚಬೇಕು ಎಂದು ಕೇಳಿದ್ದಳು. ಇಬ್ಬರಿಗೂ ಕವಿತಾ ಸಂಜೆ ಬರಲು ಹೇಳಿ ಕಳಿಸಿದಳು.

ಶೆಡ್ಡು ರಾಜೂರಿನ ದಾರಿಯ ಮೇಲೆ, ಊರು ಮುಗಿಯುವಲ್ಲಿ. ಗುಡ್ಡದ ಮೇಲಿನ ಗಾಳಿಯಂತ್ರಗಳು ನಿಧಾನವಾಗಿ ತಿರುಗುತ್ತಿದ್ದವು. ಗುರುಸಂಗಪ್ಪ ಬಾಗಿಲಲ್ಲೇ ನಿಂತಿದ್ದ.

"ಬರ್ರಿ ಮೇಡಮ್ಮಾರ. ಮಗ್ಗದ ನಿಂಗಪ್ಪನ ಮಗಳು ಮೊಹರ ಹಾಕಿದ್ರ ಬಿಚ್ಚೂದು ಅಷ್ಟ ಹಗೂರಿಲ್ಲ ಬಿಡ್ರಿ, ಅವರಪ್ಪ ಹಾಕಿದ ಗಂಟ ಇದ್ದಂಗ."

ಅನಿತಾ ಕಾಣಲಿಲ್ಲ. ಕವಿತಾ ಶೆಡ್ಡಿನ ಹಿಂದಕ್ಕೆ ಹೋದಳು. ಗೋಡೆಯ ಬುಡದಲ್ಲಿ, ನೆಲದೊಳಗೆ ಹುಗಿದ ಕಬ್ಬಿಣದ ಪೈಪಿನ ಬಾಯಿಗೆ ಅನಿತಾ ಕೊಡದಿಂದ ನೀರು ಸುರಿಯುತ್ತಿದ್ದಳು. ಅದು ಅರ್ಥಿಂಗಿನ ಗುಂಡಿ. ಶೆಡ್ಡಿನ ಹಸಿರು ವೈರುಗಳೆಲ್ಲ ಕೊನೆಗೆ ಇಲ್ಲಿಗೇ ಬಂದು ನೆಲ ಸೇರಬೇಕು. ಮಣ್ಣು ಒಣಗಿದರೆ ಗುಂಡಿ ಕೆಲಸ ಮಾಡದು.

"ದಿನಾ ಹಾಕ್ತೀರೇನು?" ಕವಿತಾ ಕೇಳಿದಳು.

"ಅವ್ರು ಹಾಕತಿದ್ರು. ಮುಂಜಾನಿ ಎದ್ದ ಕೂಡಲೇ ಮೊದಲ ಈ ಕೆಲಸ." ಅನಿತಾ ಕೊಡ ಕೆಳಗಿಟ್ಟಳು. "ಈಗ ಯಾರ ಸಲುವಾಗಿ ಅಂತ ಕೇಳಬ್ಯಾಡ್ರಿ. ಕೈ ತಾನ ಕೊಡ ಎತ್ತತೈತಿ."

ಅವಳು ಕವಿತಾಳ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು. ಆಮೇಲೆ ನೀರು ಇಂಗುತ್ತಿದ್ದ ಮಣ್ಣಿನ ಕಡೆ ನೋಡುತ್ತ ಹೇಳಿದಳು.

"ಕೀಲಿ ಕಟ್ಟೂ ದಾರ ಪ್ರತಿ ವರ್ಷ ಖಂಡೇ ಪೂಜಿಗೆ ಹೊಸಾದು ಕಟ್ಟತಿದ್ರು. ಪ್ಯಾಟ್ಯಾಗ ಸಿಗೂ ದಾರ ನಡೀತಿರಲಿಲ್ಲ. ನಿಮ್ಮಪ್ಪಾರ ಮಗ್ಗದ ಕೆಂಪು ನೂಲ ಆಗಬೇಕು. ಯಾಕಂತ ನಾ ಎಂದೂ ಕೇಳಲಿಲ್ಲ."

ಅಪ್ಪ ಒಂದು ದಿನವೂ ಈ ಸಂಗತಿ ಹೇಳಿರಲಿಲ್ಲ. ಹದಿನೈದು ವರ್ಷ ಅವಳು ಶೆಡ್ಡಿನ ಹೊರಗೆ ನಿಂತು ಸದ್ದು ಕೇಳಿದ್ದಳು. ಅಷ್ಟೂ ವರ್ಷ ಅವನು ಅವಳ ಮನೆಯ ಬಾಗಿಲಿಗೆ ಹೋಗಿ ದಾರ ತಂದಿದ್ದ. ಇಬ್ಬರೂ ಒಬ್ಬರನ್ನೊಬ್ಬರು ಕಾಣದ ವೇಳೆಯನ್ನೇ ಹುಡುಕಿದ್ದರು.

*

ಮೊಹರು ಒಡೆದು ಬಾಗಿಲು ತೆರೆದಾಗ ಒಳಗಿನಿಂದ ಕೊರೆಯುವ ಎಣ್ಣೆಯ, ಒಣಗಿದ ಚೆಂಡುಹೂವಿನ ವಾಸನೆ ಒಟ್ಟಿಗೇ ಬಂತು. ದೇವರ ಪಟ ಇನ್ನೂ ಗೋಡೆಗೆ ಒರಗಿತ್ತು. ಅದರ ಮುಂದಿನ ಮರದ ಹಲಗೆಯ ಮೇಲೆ ಸುತ್ತಿಗೆ, ಇಕ್ಕಳ, ಕನ್ನಡಕ, ಕೈಗವಸು, ಎಲ್ಲದಕ್ಕೂ ಕುಂಕುಮ. ಪಕ್ಕದಲ್ಲಿ ದ್ಯಾಮೇಶನ ರಬ್ಬರ್ ಅಡಿಯ ಬೂಟು ಜೋಡಿಯಾಗಿ ನಿಂತಿತ್ತು. ಅನಿತಾ, ಗುರುಸಂಗಪ್ಪ ಇಬ್ಬರೂ ಬಾಗಿಲಲ್ಲೇ ಚಪ್ಪಲಿ ಬಿಟ್ಟರು. ಕವಿತಾಳೂ ಬೂಟು ಕಳಚಿದಳು.

ದಸರೆಯ ಮುಂಜಾನೆ ನಡೆದದ್ದನ್ನು ಅನಿತಾ ಹೇಳಿದಳು. ಪೂಜೆಗೆ ಇಟ್ಟ ಹತ್ಯಾರಗಳನ್ನು ರಾತ್ರಿಯೆಲ್ಲ ಯಾರೂ ಮುಟ್ಟುವಂತಿಲ್ಲ. ಬೆಳಿಗ್ಗೆ ನೆಲ ಸಾರಿಸಿ, ಕಾಯಿ ಒಡೆದು, ಮೊದಲು ಅಪ್ಪನ ಡ್ರಿಲ್ಲು ಎತ್ತಬೇಕು. ಬಿಟ್ ಇಲ್ಲದೆ, ಬರಿದೇ ಒಂದು ಸಲ ತಿರುಗಿಸಿ ಕೆಳಗಿಡಬೇಕು. ಆಮೇಲೆ ಬನ್ನಿ ತರಲು ಹೋಗುವುದು. ಮಾವನ ಕಾಲದಿಂದ ನಡೆದು ಬಂದ ಪದ್ಧತಿ ಅದು. ಅವಳು ಮನೆಯಲ್ಲಿ ಹೋಳಿಗೆಗೆ ಕಣಕ ನಾದುತ್ತಿದ್ದಳು. ಗಂಡ ಒಬ್ಬನೇ ಬಂದಿದ್ದ.

"ವರ್ಷ ಪೂರ್ತಿ ಬೂಟ ಇಲ್ದ ಡ್ರಿಲ್ ಮುಟ್ಟತಿರಲಿಲ್ಲ ಅವ್ರು. ಆ ಒಂದ ಮುಂಜಾನಿ ಬರಿಗಾಲು. ದೇವ್ರ ಮುಂದ ಬೂಟ ಹ್ಯಾಂಗ ಹಾಕ್ಕೋತಾರ್ರಿ?"

ಬರಿಗಾಲು, ಸಾರಿಸಿದ ಹಸಿ ನೆಲ, ಕಾಯಿ ಒಡೆದ ಒದ್ದೆ ಕೈ. ವರ್ಷದಲ್ಲಿ ಒಂದೇ ಒಂದು ಗಳಿಗೆ. ಆ ಗಳಿಗೆಯನ್ನು ಬಲ್ಲವರು ಎಷ್ಟು ಜನ ಇದ್ದಾರು ಎಂದು ಕವಿತಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇಬ್ಬರು ಎದುರಿಗೇ ನಿಂತಿದ್ದರು.

ಗುರುಸಂಗಪ್ಪ ನಿಟ್ಟುಸಿರು ಬಿಟ್ಟು, ಸತ್ತವನ ಬಗ್ಗೆ ಆಡಬಾರದು, ಆದರೂ ಇತ್ತೀಚೆಗೆ ಅವನಿಗೆ ಲಕ್ಷ್ಯ ಕಡಿಮೆಯಾಗಿತ್ತು ಎಂದ. ಏನೋ ಯೋಚನೆಯಲ್ಲಿರುತ್ತಿದ್ದ, ಕರೆದರೂ ಕೇಳುತ್ತಿರಲಿಲ್ಲ ಎಂದ. ಅನಿತಾ ತಲೆಯೆತ್ತಲಿಲ್ಲ.

ಕವಿತಾ ಗೋಡೆಯ ಗುಂಟ ನಡೆದಳು. ಹಬ್ಬಕ್ಕೆ ಸುಣ್ಣ ಬಳಿದ ಗೋಡೆ. ಬಳಿದವರು ಅವಸರದವರು. ಸ್ವಿಚ್ ಬೋರ್ಡುಗಳ ಮೇಲೂ ಕುಂಚ ಆಡಿಸಿದ್ದರು. ಸ್ಕ್ರೂಗಳ ತಲೆಯ ಸೀಳುಗಳಲ್ಲಿ ಸುಣ್ಣ ತುಂಬಿ ಗಟ್ಟಿಯಾಗಿತ್ತು. ಒಂದು ಬೋರ್ಡು, ಎರಡನೆಯ ಬೋರ್ಡು, ಮೂರನೆಯ ಬೋರ್ಡು, ಎಲ್ಲದರಲ್ಲೂ ಹಾಗೇ.

ದೇವರ ಪಟದ ಪಕ್ಕದ ಬೋರ್ಡಿನ ಮುಂದೆ ಅವಳು ನಿಂತಳು. ದ್ಯಾಮೇಶ ಡ್ರಿಲ್ಲು ಚುಚ್ಚಿದ್ದು ಇದಕ್ಕೆ. ಇದರ ಸ್ಕ್ರೂಗಳ ಸೀಳು ಸ್ವಚ್ಛವಾಗಿತ್ತು. ಹಿತ್ತಾಳೆ ಹೊಳೆಯುತ್ತಿತ್ತು.

"ಸುಣ್ಣ ಯಾರು ಹೊಡಿಸಿದ್ರು, ಸಾಹುಕಾರ್ರ?"

"ನಾನ ಹೊಡಸೀನ್ರಿ. ಅಮಾಸಿ ಮುಗದ ಕೂಡಲೇ."

"ಆಮ್ಯಾಲೆ ಈ ಬೋರ್ಡ್ ಬಿಚ್ಚಿದಾವ್ರು ಯಾರು?"

"ಬಿಚ್ಚಿದ್ರ ಅಂವನ ಬಿಚ್ಚಿರಬೇಕು. ಕರೆಂಟಿನ ಕೆಲಸ ಬ್ಯಾರೇದವರ ಕೈಯಾಗ ಕೊಡತಿದ್ದಿಲ್ಲ ಅಂವ. ಬಿಎಸ್ಸಿ ಓದಿದಾಂವ ಅಲ್ಲೇನ್ರಿ, ನಿಮ್ಮ ಜೋಡಿನ."

ಕೊನೆಯ ಮಾತನ್ನು ಅವನು ಮೆಲ್ಲಗೆ, ನಗುತ್ತ ಆಡಿದ. ಕವಿತಾ ಅದನ್ನು ಕೇಳಿಸಿಕೊಂಡಂತೆ ತೋರಿಸಿಕೊಳ್ಳಲಿಲ್ಲ.

"ಸೋರಿಕೆ ಆದ ಕೂಡಲೇ ಕರೆಂಟ್ ಕಡಿಯೂ ಸ್ವಿಚ್ ಒಂದ ಹಾಕಿಸ್ರಿ ಅಂತ ಅಂವ ನಿಮಗ ಕೇಳಿದ್ದನೇನು?"

ಗುರುಸಂಗಪ್ಪನ ನಗು ಅರ್ಧಕ್ಕೆ ನಿಂತಿತು. "ಕೇಳಿದ್ದ. ಹಬ್ಬ ಮುಗೀಲಿ ಅಂದಿದ್ದೆ."

"ನಿಮ್ಮ ಅಂಗಡ್ಯಾಗ ಅದು ಇಲ್ಲೇನು?"

ಆ ಸ್ವಿಚ್ಚು ಅವನ ಅಂಗಡಿಯ ಗಾಜಿನ ಕಪಾಟಿನಲ್ಲಿ ಸಾಲಾಗಿ ಕೂತಿದ್ದನ್ನು ಕವಿತಾ ಮುಂಜಾನೆ ಪೇಟೆಯಲ್ಲಿ ಹಾಯುವಾಗಲೇ ಕಂಡಿದ್ದಳು. ಒಂದಿದ್ದಿದ್ದರೆ ದ್ಯಾಮೇಶ ಇಂದು ಬದುಕಿರುತ್ತಿದ್ದ.

ಶೆಡ್ಡಿನ ಬಾಗಿಲಿನ ಕೀಲಿಗಳ ಬಗ್ಗೆ ಕೇಳಿದಳು. ಒಂದು ಗುರುಸಂಗಪ್ಪನ ಬಳಿ. ಖಂಡೇ ಪೂಜೆಯ ಸಂಜೆ ತಾನು ನರಗುಂದದಲ್ಲಿ ಮಗಳ ಮನೆಯಲ್ಲಿದ್ದೆ, ಬೇಕಾದರೆ ಬೀಗರನ್ನು ಕೇಳಿ ಎಂದು ಕವಿತಾ ಕೇಳುವ ಮೊದಲೇ ಅವನು ಹೇಳಿದ. ಇನ್ನೊಂದು ದ್ಯಾಮೇಶನ ಮನೆಯ ಮೊಳೆಗೆ ತೂಗುತ್ತಿತ್ತು. ಆ ಸಂಜೆ ಅವನು ಬಾಗಿಲು ಹಾಕಿ ಬಂದು ಕೀಲಿ ಅಲ್ಲಿ ತೂಗುಹಾಕಿ ಮಲಗಿದ್ದ. ಮನೆಯಲ್ಲಿದ್ದವಳು ಅನಿತಾ ಒಬ್ಬಳೇ.

ಒಬ್ಬನಿಗೆ ಬೋರ್ಡು ಬಿಚ್ಚುವ ಸಾಮಾನು ಅಂಗಡಿ ತುಂಬ ಇತ್ತು. ಇನ್ನೊಬ್ಬಳಿಗೆ ಮತ್ಸರಕ್ಕೆ ಕಾರಣವಾಗಿ ಪ್ರತಿ ವರ್ಷ ಬದಲಾಗುವ ಒಂದು ಕೆಂಪು ದಾರವಿತ್ತು.

*

ಕವಿತಾ ಮಾಳಪ್ಪನನ್ನು ಕರೆದಳು. ಹಿಂದಿನ ಗುಂಡಿಯ ಪೈಪಿಗೆ ಒಂದು ಉದ್ದ ವೈರಿನ ತುದಿ ಬಿಗಿಸಿ, ಇನ್ನೊಂದು ತುದಿಯನ್ನು ಕಿಟಕಿಯೊಳಗಿಂದ ಎಳೆದುಕೊಂಡು ಮೀಟರಿನ ಕಪ್ಪು ಕಡ್ಡಿಗೆ ಸುತ್ತಿದಳು. ಅನಿತಾ ನೀರು ಹಾಕಿ ಹಾಕಿ ಆ ಗುಂಡಿಯ ಮಣ್ಣು ಹಸಿಯಾಗಿಯೇ ಇತ್ತು. ನೆಲದ ಸಾಕ್ಷಿ ಸರಿಯಾಗಿಯೇ ಸಿಗುತ್ತದೆ.

ಸಾಕೆಟ್ಟಿಗೆ ಮೂರು ತೂತುಗಳಿರುತ್ತವೆ. ಮೇಲಿನ ದೊಡ್ಡ ತೂತು ಹಸಿರು ವೈರಿನದು, ಅರ್ಥಿನದು. ಆ ತೂತಿಗೂ ನೆಲಕ್ಕೂ ನಡುವೆ ಮೀಟರ್ ಇಟ್ಟರೆ ಸೊನ್ನೆ ಬರಬೇಕು. ಎರಡೂ ಒಂದೇ ತಾನೆ.

ಸೊನ್ನೆ ಬರಲಿಲ್ಲವೆಂದರೆ ಯಾರೋ ಈ ಬೋರ್ಡು ಬಿಚ್ಚಿ, ನೆಲಕ್ಕೆ ಹೋಗುವ ವೈರು ಕಿತ್ತು, ಆ ಜಾಗಕ್ಕೆ ಕರೆಂಟಿನ ವೈರನ್ನೇ ಜೋಡಿಸಿದ್ದಾರೆ ಎಂದರ್ಥ. ಆಗ ಡ್ರಿಲ್ಲಿನ ಹಸಿರು ವೈರು ಸಾವನ್ನು ನೆಲಕ್ಕೆ ಒಯ್ಯುವುದಿಲ್ಲ, ನೇರವಾಗಿ ಹಿಡಿಕೆಗೆ ತರುತ್ತದೆ. ಮಷಿನ್ ಎಂದಿನಂತೆ ತಿರುಗುತ್ತದೆ, ಫ್ಯೂಸು ಹಾರುವುದಿಲ್ಲ. ಅಲಕ್ಷ್ಯದವನ ಡ್ರಿಲ್ಲಿನಲ್ಲಿ ಆ ವೈರು ಎಂದೋ ಕಿತ್ತುಹೋಗಿರುತ್ತಿತ್ತು, ಅವನು ಬದುಕಿಕೊಳ್ಳುತ್ತಿದ್ದ. ದ್ಯಾಮೇಶ ಅದನ್ನು ಬೆರಳಗಲ ಉದ್ದ ಬಿಟ್ಟು, ವರ್ಷ ವರ್ಷ ಬಿಗಿಮಾಡಿ, ಕಾಯ್ದುಕೊಂಡಿದ್ದ. ಕವಿತಾ ಹೇಳಿದ್ದಳೆಂದು.

ಅವಳು ಮೀಟರನ್ನು ವೋಲ್ಟಿಗೆ ತಿರುಗಿಸಿದಳು.

"ಮಾಳಪ್ಪ, ಫ್ಯೂಸ್ ಹಾಕ್ರಿ," ಎಂದು ಕೂಗಿದಳು.

"ಬೂಟ ಹಾಕ್ಕೊಳ್ರಿ, ಮೇಡಮ್ಮಾರ."

ಹೇಳಿದವಳು ಅನಿತಾ, ದನಿ ತೀರ ಮೆಲ್ಲಗಿತ್ತು. ಕವಿತಾ ತನ್ನ ಬರಿಗಾಲನ್ನು ನೋಡಿಕೊಂಡಳು, ಆಮೇಲೆ ಅನಿತಾಳ ಕಣ್ಣು ನೋಡಿದಳು. ಅಲ್ಲಿ ಗಂಡನ ದಿನನಿತ್ಯದ ಎಚ್ಚರಿಕೆಯ ಮಾತು ಇತ್ತೋ, ಬೇರೆ ಏನಾದರೂ ಇತ್ತೋ, ತಿಳಿಯಲಿಲ್ಲ.

ಆಗಲೇ ಅವಳಿಗೆ ಇನ್ನೊಂದು ಕಂಡಿತು. ಗುರುಸಂಗಪ್ಪ ಯಾವಾಗಲೋ ಸದ್ದಿಲ್ಲದೆ ನೆಲ ಬಿಟ್ಟಿದ್ದ. ದೇವರ ಪಟದ ಮುಂದಿನ, ಕರೆಂಟು ಹಾಯದ ಮರದ ಹಲಗೆಯ ಅಂಚಿನ ಮೇಲೆ, ಕುಂಕುಮ ಹಚ್ಚಿದ ಹತ್ಯಾರಗಳ ನಡುವೆ, ಎರಡೂ ಕಾಲು ಜೋಡಿಸಿಕೊಂಡು ನಿಂತಿದ್ದ.

ಬೋರ್ಡಿನೊಳಗೆ ಏನಿರಬಹುದು ಎಂದು ಕವಿತಾ ಇನ್ನೂ ಇಬ್ಬರಿಗೂ ಹೇಳಿರಲಿಲ್ಲ.

ಅವಳು ಬೂಟು ಹಾಕಿಕೊಂಡು ಲೇಸು ಬಿಗಿದಳು. ಹೊರಗೆ ಮಾಳಪ್ಪ ಫ್ಯೂಸು ಕೂರಿಸಿದ ಟಕ್ ಎಂಬ ಸದ್ದು ಕೇಳಿಸಿತು. ಬೋರ್ಡಿನ ಸ್ವಿಚ್ ಒತ್ತಿ, ಕೆಂಪು ಕಡ್ಡಿಯನ್ನು ಸಾಕೆಟ್ಟಿನ ಮೇಲಿನ ತೂತಿಗೆ ಇಳಿಸಿದಳು.

ಮೀಟರ್ ೨೩೧ ವೋಲ್ಟ್ ತೋರಿಸಿತು.